ಚನ್ನಕ್ಕನ ಪಾಲಿನ ಗುದ್ದು

ಕಳೆದ ತಿಂಗಳು ರಾಯಚೂರಿನಲ್ಲಿ ನನ್ನ ಗೆಳತಿ ಚನ್ನಮಲ್ಲಮ್ಮನಿಗೆ, ಅಂದರೆ ನಮ್ಮ ಚನ್ನಕ್ಕನಿಗೆ, ಶ್ರದ್ಧಾಂಜಲಿ ಸಭೆ ನಡೆಯಿತು. ವೇದಿಕೆಯ ಹಿಂದಿನ ಬ್ಯಾನರಿನಲ್ಲಿ ಆಕೆಯ ಚಿತ್ರ ಅಂಗೈಯಷ್ಟಿತ್ತು. ಸಭೆ ಏರ್ಪಡಿಸಿದ್ದ ಮಡಿಲು ಮಹಿಳಾ ಬಳಗದ ಅಧ್ಯಕ್ಷೆ ವಿಶಾಖಾ ಅವರ ಚಿತ್ರ ಆಳೆತ್ತರವಿತ್ತು. ತಡವಾಗಿ ಬಂದವರೊಬ್ಬರು ಬಾಗಿಲಲ್ಲೇ ನಿಂತು, ತೀರಿಕೊಂಡವರು ಇಬ್ಬರಲ್ಲಿ ಯಾರು ಎಂದು ನನ್ನನ್ನು ಕೇಳಿದರು. ಚಿಕ್ಕ ಫೋಟೋದವರು ಎಂದೆ.

ಭಾಷಣಗಳಲ್ಲಿ ಚನ್ನಕ್ಕ 'ಸಾವಿರ ಕೂಸುಗಳ ತಾಯಿ'ಯಾದಳು, 'ತ್ಯಾಗಮಯಿ'ಯಾದಳು. ಆಕೆ ಯಾರೊಂದಿಗೂ ಗಟ್ಟಿ ದನಿಯಲ್ಲಿ ಮಾತಾಡಿದವಳೇ ಅಲ್ಲ ಎಂದು ಒಬ್ಬರು ಗದ್ಗದಿತರಾದರು. ಹಾಗೆಂದ ಮಹಿಳೆಯನ್ನೇ ಚನ್ನಕ್ಕ ಹೋದ ಬೇಸಿಗೆಯಲ್ಲಿ, ಹತ್ತಿ ಸೀರೆ ಕೇಳಿದರೆ ಪಾಲಿಯೆಸ್ಟರ್ ತಂದುಕೊಟ್ಟಳೆಂದು, ಬಸ್‌ಸ್ಟ್ಯಾಂಡಿನಲ್ಲಿ ಕಡಲೆಕಾಯಿ ಮಾರುವವರೂ ತಿರುಗಿ ನೋಡುವಂತೆ ಬೈದಿದ್ದಳು. ನನಗೂ ಎರಡು ನಿಮಿಷ ಕೊಟ್ಟರು. ಮೂವತ್ತು ವರ್ಷ ಶಾಲೆಯಲ್ಲಿ ಕನ್ನಡ ಕಲಿಸಿದವಳು ಆ ಎರಡು ನಿಮಿಷದಲ್ಲಿ ಒಂದೇ ಒಂದು ನಿಜವನ್ನೂ ಹೇಳಲಾರದೆ ಕೆಳಗಿಳಿದೆ. ಅಲ್ಲಿ ಹೇಳದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾನು ಮದುವೆಯಾಗಿ ಮಾನ್ವಿಗೆ ಬಂದವಳು. ಕೆಲಸ ರಾಯಚೂರಿನ ಶಾಲೆಯಲ್ಲಿ. ದಿನವೂ ಬಸ್ಸಿನಲ್ಲಿ ಹೋಗಿ ಬರಬೇಕು. ಚನ್ನಕ್ಕನೂ ಮಾನ್ವಿಯಿಂದಲೇ ಹೊರಟು ರಾಯಚೂರಿನ ಒಂದು ಹೆರಿಗೆ ಆಸ್ಪತ್ರೆಗೆ ಆಯಾ ಕೆಲಸಕ್ಕೆ ಹೋಗುತ್ತಿದ್ದಳು. ನಮ್ಮ ಕಡೆ ಬಸ್ಸು ನಿಲ್ಲುವ ಮೊದಲೇ ಕಿಟಕಿಯಿಂದ ಟವೆಲ್ಲನ್ನೋ ಕರ್ಚೀಫನ್ನೋ ಎಸೆದು ಸೀಟು ಹಿಡಿಯುತ್ತಾರೆ. ಅದನ್ನು ಪಕ್ಕಕ್ಕೆ ತಳ್ಳಿ ಕೂರುವವರಿಗೂ ಕೊರತೆಯಿಲ್ಲ. ಚನ್ನಕ್ಕ ಎಸೆಯುತ್ತಿದ್ದದ್ದು ಕುಲಾವಿ, ಅಂದರೆ ಎಳೆಗೂಸಿನ ಕಿವಿ ಮುಚ್ಚಿ ಗದ್ದದ ಕೆಳಗೆ ಕಟ್ಟುವ ಬಟ್ಟೆಯ ಟೊಪ್ಪಿಗೆ. ಅದನ್ನು ತಳ್ಳುವ ಎದೆಗಾರಿಕೆ ಯಾರಿಗೂ ಇರಲಿಲ್ಲ. ಹಿಂದೆ ಬಾಣಂತಿ ಬರುತ್ತಿದ್ದಾಳೆ ಎಂದು ಮೀಸೆ ಹೊತ್ತ ಗಂಡಸರೂ ಸರಿದು ನಿಲ್ಲುತ್ತಿದ್ದರು. ಬರುತ್ತಿದ್ದವಳು ಐದಡಿಗೆ ನಾಲ್ಕು ಬೆರಳು ಕಡಿಮೆಯಿದ್ದ, ಬಾಯಿ ತುಂಬ ಎಲೆಯಡಿಕೆ ತುಂಬಿಕೊಂಡ ಚನ್ನಕ್ಕ.

ಈ ಕಟ್ಟಳೆ ಗೊತ್ತಿಲ್ಲದ ನಾನು, ಆ ಶಾಲೆಗೆ ವರ್ಗವಾಗಿ ಬಂದ ಮೊದಲ ವಾರ, ಸೀಟಿನ ಮೇಲಿದ್ದ ಕುಲಾವಿಯನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡು ಕೂತೆ.

"ಏಳ್ರೀ, ಕೂಸದ" ಎಂದಳು ಆಕೆ.

"ಎಲ್ಲದರೀ ಕೂಸು?"

"ಹುಟ್ಟಬೇಕಿನ್ನ."

"ಯಾರಿಗೆ?"

"ಯಾರಿಗಾರ ಹುಟ್ಟತದ. ರಾಯಚೂರಾಗ ಕೂಸು ಹುಟ್ಟೋದು ಬಂದ್ ಆಗ್ಯದೇನು? ಸರೀರಿ ಅತ್ಲಾಗ."

ನಾನು ನಗುತ್ತ ಸರಿದೆ. ಹಾಗೆ ಶುರುವಾದದ್ದು ಇಪ್ಪತ್ತೆರಡು ವರ್ಷ ನಡೆಯಿತು. ನಾನು ಓದುತ್ತಿದ್ದೆ, ಆಕೆ ಹೊಲಿಯುತ್ತಿದ್ದಳು. ನನ್ನ ಪುಸ್ತಕಗಳನ್ನು ಕಂಡರೆ ಆಕೆಗೆ ಕನಿಕರ. "ಹರದು ಕೂಸಿನ ಕುಂಡಿ ಒರಸಾಕೂ ಬರಂಗಿಲ್ಲ, ಬಿರುಸು ಕಾಗದ" ಎನ್ನುತ್ತಿದ್ದಳು. ನನಗೆ ಒಂದು ಗುಂಡಿ ಹಚ್ಚಲೂ ಬರುವುದಿಲ್ಲ ಎಂದು ಗೊತ್ತಾದ ದಿನ ಮಾನ್ವಿಯಿಂದ ಕಲ್ಲೂರಿನವರೆಗೆ ನಕ್ಕಳು. ಸಹ ಪ್ರಯಾಣಿಕರಿಗೂ ಹೇಳಿದಳು.

ಆಕೆಯ ಹೊಲಿಗೆಯ ಬಗ್ಗೆ ಹೇಳಬೇಕು. ನಮ್ಮ ಕಡೆ ಹುಟ್ಟಿದ ಕೂಸಿಗೆ ತೊಟ್ಟಿಲಿಗೆ ಹಾಕುವ ದಿನದವರೆಗೂ ಹೊಸ ಬಟ್ಟೆ ತೊಡಿಸುವುದಿಲ್ಲ. ಉಟ್ಟುಟ್ಟು ಮೆತ್ತಗಾದ ಹತ್ತಿ ಸೀರೆಯೇ ಬೇಕು. ಅದೂ ಬಹಳ ಕಾಲ ಬಾಳಿದ ಹೆಂಗಸಿನದಾದರೆ ಲೇಸು. ಹತ್ತಿ ಬಿಡಿಸುತ್ತಿದ್ದಾಗಲೇ ನೋವು ಕಾಣಿಸಿಕೊಂಡು ದೇವದುರ್ಗದ ಹಳ್ಳಿಗಳಿಂದ ಸಿಕ್ಕ ಗಾಡಿ ಹತ್ತಿ ಬರುವವರಿಗೆ ಮನೆಯ ಹಳೆ ಸೀರೆ ನೆನಪಾಗುವುದೆಲ್ಲಿ? ಗಂಡನಾದವನು ಗಾಬರಿಯಲ್ಲಿ ಓಡಿಹೋಗಿ ಮಿಣಮಿಣ ಹೊಳೆಯುವ ಹೊಸ ಫ್ರಾಕು ತರುತ್ತಿದ್ದ. ಅತ್ತೆಯಾದವಳು ಅದನ್ನು ಕೂಸಿನ ಹತ್ತಿರವೂ ಸುಳಿಯಗೊಡುತ್ತಿರಲಿಲ್ಲ. ಇಬ್ಬರ ವಾದ ಮುಗಿಯುವವರೆಗೆ ಕೂಸು ಬರಿಮೈಯಲ್ಲಿ ಕಿರುಚುತ್ತಿತ್ತು.

ಆಗ ಚನ್ನಕ್ಕ ಚೀಲದಿಂದ ಒಂದು ಕುಲಾವಿ, ಒಂದು ಅಂಗಿ, ಸುತ್ತಲು ಒಂದು ಪುಟ್ಟ ಕೌದಿ ತೆಗೆಯುತ್ತಿದ್ದಳು. "ನಮ್ಮವ್ವ ಉಟ್ಟ ಸೀರಿ. ತೊಂಬತ್ತು ವರ್ಷ ಬಾಳ್ಯಾಳ" ಎನ್ನುತ್ತಿದ್ದಳು. ಅವಳವ್ವ ಐವತ್ತು ತುಂಬುವ ಮೊದಲೇ ಹೋದವಳು. ನಾನು ಆಕ್ಷೇಪಿಸಿದರೆ, "ಸೀರಿ ಆಧಾರ್ ಕಾರ್ಡ್ ತೋರಸ್ತದೇನು?" ಎಂದಳು.

ಆ ಸೀರೆಗಳನ್ನು ಆಕೆ ಮಾನ್ವಿ, ಕವಿತಾಳದ ಮನೆಮನೆ ತಿರುಗಿ ತರುತ್ತಿದ್ದಳು. ಕೊಟ್ಟದ್ದಕ್ಕೆ ಕೈಮುಗಿಯುವ ಪದ್ಧತಿ ಆಕೆಯದಲ್ಲ. ಬಟ್ಟೆಯನ್ನು ಕೆನ್ನೆಗೆ ಉಜ್ಜಿ ನೋಡುವಳು. ಚುಚ್ಚಿದರೆ ಅಲ್ಲೇ ಮಡಚಿ, "ಇದನ್ನ ಟಿ.ವಿ. ಒರಸಾಕ ಇಟ್ಕೋರಿ, ದಾನ ಅನಬ್ಯಾಡ್ರಿ" ಎಂದು ವಾಪಸು ಕೊಡುವಳು. ಒಪ್ಪಿದ ಸೀರೆ ಅಂಟವಾಳದ ನೀರಿನಲ್ಲಿ ಮೂರು ಸಲ ಬೆಂದು, ರಾಯಚೂರಿನ ಬಿಸಿಲಿನಲ್ಲಿ ಒಣಗಬೇಕು. ಹೊಲಿಗೆಯ ಅಂಚುಗಳೆಲ್ಲ ಹೊರಗೆ, ಮೈಗೆ ತಾಗುವ ಕಡೆ ಒಂದು ಗಂಟೂ ಇಲ್ಲ. ನೋಡಿದವರಿಗೆ ಅಂಗಿಯನ್ನು ಒಳಮೈ ಹೊರಗಾಗಿ ಹೊಲಿದಂತೆ ಕಾಣುತ್ತಿತ್ತು. ಆಸ್ಪತ್ರೆಯ ನರ್ಸೊಬ್ಬಳಿಂದ ಕಲಿತ ಕ್ರೋಶಾ ಹೆಣಿಗೆಯಲ್ಲಿ ಕುಲಾವಿಯ ಅಂಚಿಗೆ ಒಂದು ಸಾಲು ಹತ್ತಿ ದಾರದ ಹೂವು ಹಾಕುವಳು. ಅಲಂಕಾರವೆಂದರೆ ಅಷ್ಟೇ. ಮೊದಲ ವರ್ಷ ಹೊಲಿದವು ಕುಂಬಳಕಾಯಿಗೂ ಸಡಿಲಾಗುವಂತಿದ್ದವು ಎಂದು ಆಕೆಯೇ ಹೇಳಿದ್ದಳು. ಅವನ್ನು ಏನು ಮಾಡಿದೆ ಎಂದರೆ, ಅವಳಿ ಕೂಸುಗಳಿಗೆ ಕೊಟ್ಟೆ, ಎರಡೂ ಒಂದರಾಗ ಹಿಡಿಸಿದ್ವು ಎಂದಳು.

ಇಷ್ಟೆಲ್ಲ ಏಕೆ ಎಂದು ನಾನು ಕೇಳಿದ್ದು ಹತ್ತು ವರ್ಷದ ಮೇಲೆ.

ಚನ್ನಕ್ಕನನ್ನು ಹತ್ತೊಂಬತ್ತಕ್ಕೆ ಮದುವೆ ಮಾಡಿದ್ದರು. ನಾಲ್ಕು ವರ್ಷ ಮಕ್ಕಳಾಗಲಿಲ್ಲವೆಂದು ಗಂಡ ಇನ್ನೊಬ್ಬಳನ್ನು ತಂದ. ಈಕೆ ಮಾನ್ವಿಯಲ್ಲಿ ಅಕ್ಕಿ ಗಿರಣಿ ನಡೆಸುವ ತಮ್ಮ ಅಂಬರೀಶನ ಮನೆಗೆ ಬಂದಳು. ಅಂಬರೀಶನಿಗೆ ಮೊದಲ ಗಂಡುಮಗು ಹುಟ್ಟಿತು. ಕೂಸಿಗೆ ತಂದೆಯ ಅಕ್ಕತಂಗಿಯರು ಸೋದರತ್ತೆಯರು. ತೊಟ್ಟಿಲ ದಿನ ಕುಲಾವಿ ತಂದು ತೊಡಿಸುವುದೂ, ಕಿವಿಯ ಹತ್ತಿರ ಬಾಗಿ 'ಕುರ್ರ್' ಎಂದು ಹೆಸರು ಉಸುರುವುದೂ ಸೋದರತ್ತೆಯ ಹಕ್ಕು. ಉಸುರಿದ ಕೂಡಲೇ ಸುತ್ತ ನಿಂತ ಹೆಂಗಸರೆಲ್ಲ ಸೇರಿ ಆಕೆಯ ಬೆನ್ನಿಗೆ ಗುದ್ದುತ್ತಾರೆ. ನಗು, ಗದ್ದಲ, ಬಳೆ ಸದ್ದು. ಗುದ್ದಿಸಿಕೊಂಡವಳು ವಾರಗಟ್ಟಲೆ ಬೆನ್ನು ಮುಟ್ಟಿಕೊಳ್ಳುತ್ತ, ಬೈಯುತ್ತ, ಬೀಗುತ್ತ ತಿರುಗುತ್ತಾಳೆ.

ಚನ್ನಕ್ಕ ಖಣದ ಬಟ್ಟೆಯಲ್ಲಿ ಕುಲಾವಿ ಹೊಲಿದು ಸಿದ್ಧವಾಗಿದ್ದಳು. ಬೀಗರ ಕಡೆಯ ಹಿರಿಯರು ಒಳಕೋಣೆಯಲ್ಲಿ ಪಿಸುಗುಟ್ಟಿದರು: ಮಕ್ಕಳಿಲ್ಲದಾಕೆಯ ಕೈಯ ಕುಲಾವಿ ಚೊಚ್ಚಲ ಕೂಸಿನ ತಲೆಗೆ ಬೇಡ. ತಮ್ಮನ ಹೆಂಡತಿ ವಿಜಯಲಕ್ಷ್ಮಿ ಹೊರಗೆ ಬಂದು, "ಅಕ್ಕಾರ, ನೀವು ಪಾಯಸ ನೋಡ್ಕೋರಿ, ಅಡಿ ಹತ್ತತದ" ಎಂದಳು. ಓಣಿಯ ಮೂಕಮ್ಮ ಎಂಬುವಳನ್ನು ಕರೆದು ಸೋದರತ್ತೆಯ ಜಾಗದಲ್ಲಿ ನಿಲ್ಲಿಸಿದರು. ಚನ್ನಕ್ಕ ಅಡುಗೆಮನೆಯಲ್ಲಿ ಪಾಯಸ ತಿರುವುತ್ತ ಗುದ್ದುಗಳ ಸದ್ದು ಕೇಳಿದಳು.

"ಹೆಸರು ಯಾರಾರ ಇಡ್ಲಿ ಟೀಚರ್" ಎಂದಳು ನನಗೆ. "ಗುದ್ದು ನಂದಿತ್ತು. ನನ್ನ ಪಾಲಿನ ಗುದ್ದು ಆ ಮೂಕಮ್ಮ ತಿಂದ್ಲು."

"ನೀನೇನ್ ಮಾಡ್ದಿ?"

"ಪಾಯಸಕ್ಕ ಎರಡು ಮುಷ್ಟಿ ಉಪ್ಪು ಹಾಕ್ದೆ."

ಇಬ್ಬರೂ ನಕ್ಕೆವು. ನಕ್ಕ ಮೇಲೆ ಆಕೆ ಕಿಟಕಿಯ ಕಡೆ ತಿರುಗಿ, "ಬೆನ್ನು ಹಂಗೇ ಉಳೀತು ನೋಡು" ಎಂದಳು. ಅಷ್ಟೇ. ಆ ಕುಲಾವಿ ಆಕೆಯ ಟ್ರಂಕಿನ ತಳ ಸೇರಿತು. ಅಲ್ಲಿಂದ ಮುಂದೆ ಊರ ಕೂಸುಗಳಿಗೆಲ್ಲ ಹೊಲಿಯಲು ಕೂತಳು. ಕೂಸುಗಳು ತೊಟ್ಟವು, ಮನೆಗೆ ಹೋದವು. ಯಾರೂ ತೊಟ್ಟಿಲಿಗೆ ಕರೆಯಲಿಲ್ಲ. ಆಯಾಗಳನ್ನು ಯಾರು ಕರೆಯುತ್ತಾರೆ?

ನಿವೃತ್ತಿಯಾದ ಮೇಲೆ ಆಕೆ ಮಡಿಲು ಬಳಗದ ಕೈಗೆ ಸಿಕ್ಕಳು. ವಿಶಾಖಾ ಒಳ್ಳೆಯ ಮನಸ್ಸಿನವರು. ಅವರ ಒಳ್ಳೆಯತನಕ್ಕೆ ಸದಾ ಒಬ್ಬ ಫೋಟೋಗ್ರಾಫರ್ ಬೇಕಾಗುತ್ತಿತ್ತು, ಅಷ್ಟೇ. ಚನ್ನಕ್ಕನ ಬಟ್ಟೆ ನೋಡಿ ಅವರು ಬೆಚ್ಚಿದರು. ಹಳೆಯದನ್ನು ದಾನ ಕೊಟ್ಟರೆ ಬಳಗದ ಹೆಸರೇನಾಗಬೇಕು? ಫಿನಿಶಿಂಗ್ ಇಲ್ಲ, ಹೊಲಿಗೆ ಹೊರಗಿದೆ. ಹೊಸ ಬಟ್ಟೆ ಬರಲಿ, ಪ್ರತಿಯೊಂದಕ್ಕೂ ಬಳಗದ ಗುರುತಿನ ಚೀಟಿ ಇರಲಿ, ಪ್ಲಾಸ್ಟಿಕ್ ಕವರ್ ಇರಲಿ ಎಂದರು. ಜೊತೆಗೆ, ಯಾವುದೋ ಚಳಿ ದೇಶದ ಹೆಂಗಸರು ಕೂಸುಗಳಿಗೆ ಕ್ರೋಶಾದಲ್ಲಿ ಉಲ್ಲನ್ ಟೊಪ್ಪಿಗೆ ಹೆಣೆಯುವ ವಿಡಿಯೋವನ್ನು ಫೋನಿನಲ್ಲಿ ನೋಡಿದ್ದರು. ಬಳಗದ ಇಪ್ಪತ್ತು ಮಂದಿ ಎ.ಸಿ. ಹಾಕಿದ ಕೋಣೆಯಲ್ಲಿ ಕೂತು ಉಲ್ಲನ್ ಹೆಣೆದರು. ಮೇ ತಿಂಗಳು. ಹೊರಗೆ ಡಾಂಬರು ಚಪ್ಪಲಿಗೆ ಅಂಟುತ್ತಿತ್ತು.

ಅದೇ ವಿಡಿಯೋದಲ್ಲಿ ಇನ್ನೊಂದಿತ್ತು: ಎಂಟು ಕಾಲಿನ ಸಮುದ್ರಪ್ರಾಣಿಯ ಗೊಂಬೆ. ಅದರ ಕಾಲು ಹಿಡಿದುಕೊಂಡರೆ ದಿನ ತುಂಬದೆ ಹುಟ್ಟಿದ ಕೂಸುಗಳಿಗೆ ತಾಯಿಯ ಹೊಟ್ಟೆಯಲ್ಲೇ ಇದ್ದ ಹಾಗಾಗುತ್ತದಂತೆ.

"ಹಿಡ್ಕೊಳ್ಳಾಕ ಅವರವ್ವ ಬಾಜೂಕೇ ಇರ್ತಾಳಲ್ರೀ" ಎಂದಳು ಚನ್ನಕ್ಕ.

"ಅದು ಸೈನ್ಸು, ನಿಮಗ ತಿಳಿಯಂಗಿಲ್ಲ" ಎಂದರು ವಿಶಾಖಾ.

ಆದರೂ ಚನ್ನಕ್ಕ ಬಳಗ ಬಿಡಲಿಲ್ಲ. ಅವರ ಕಾರು ದೇವದುರ್ಗಕ್ಕೆ ಹೋಗುತ್ತದೆ, ಹೆಂಗಸರಿಗೆ ಬಸ್ಸು ಪುಕ್ಕಟೆಯಾದ ಮೇಲೆ ಗಂಟು ಹೊತ್ತು ಬಸ್ಸಿನಲ್ಲಿ ನಿಲ್ಲಲೂ ಜಾಗವಿಲ್ಲ ಎಂಬುದು ಆಕೆಯ ಲೆಕ್ಕ. ಒಂಬತ್ತು ಗೊಂಬೆ ಹೆಣೆದುಕೊಟ್ಟಳು. ಪ್ರತಿಯಾಗಿ ತನ್ನ ಹಳೆ ಬಟ್ಟೆಯ ಗಂಟನ್ನು ಅವರ ಡಿಕ್ಕಿಯ ಮೂಲೆಗೆ ತುರುಕಿದಳು.

ದೇವದುರ್ಗದ ಆಸ್ಪತ್ರೆಯಲ್ಲಿ ಬಾಣಂತಿಯರನ್ನು ಸಾಲಾಗಿ ಕೂರಿಸಿ ಉಲ್ಲನ್ ಟೊಪ್ಪಿಗೆ, ಹೊಸ ಫ್ರಾಕು, ಎಂಟು ಕಾಲಿನ ಗೊಂಬೆ ಹಂಚಿದರು. ಫೋಟೋ ಆಗುವವರೆಗೆ ಟೊಪ್ಪಿಗೆ ತೊಡಿಸಿ ಎಂದರು. ಕೂಸುಗಳು ಕೆಂಪಾಗಿ ಬೆವೆತು ಒಟ್ಟಿಗೆ ಬಾಯಿ ತೆರೆದವು. ಬಳಗದವರು ತಂಪು ಪಾನೀಯ ಕುಡಿಯಲು ಹೋದ ಕೂಡಲೇ ಅತ್ತೆಯರೆಲ್ಲ ಆ ಹೊಸ ಬಟ್ಟೆಗಳನ್ನು ಕಿತ್ತು ಮಂಚದ ಕೆಳಗೆ ನೂಕಿದರು. ಚನ್ನಕ್ಕ ತನ್ನ ಗಂಟು ಬಿಚ್ಚಿದಳು. ಕೈಗಳು ಮುತ್ತಿದವು. ಆ ಫೋಟೋ ಯಾರೂ ತೆಗೆಯಲಿಲ್ಲ.

ಹತ್ತು ದಿನ ಬಿಟ್ಟು, ದಾನ ಪಡೆದವರ ಸಂತೋಷವನ್ನು ವಿಡಿಯೋ ಮಾಡಲು ವಿಶಾಖಾ ದೇವದುರ್ಗದ ಹತ್ತಿರದ ಜಾಲಹಳ್ಳಿಗೆ ಹೊರಟರು. ಚನ್ನಕ್ಕನ ಜೊತೆ ನಾನೂ ಕಾರು ಹತ್ತಿದೆ. ಕೂಲಿ ಮಾಡಿ ಬದುಕುವ ಬೂದೆಮ್ಮನ ಮನೆ. ಅವಳ ಮಗ ಜಗದೀಶನಿಗೆ ಗಂಡು ಹುಟ್ಟಿತ್ತು. ನಾವು ಬಾಗಿಲಿಗೆ ಬಂದಾಗ ವಿಶಾಖಾ ನಿಂತಲ್ಲೇ ನಿಂತರು. ಬಾಗಿಲ ಚೌಕಟ್ಟಿನ ನಡುವೆ, ನಿಂಬೆಹಣ್ಣು ಮೆಣಸಿನಕಾಯಿಯ ಸರದ ಜೊತೆ, ಅವರ ಎಂಟು ಕಾಲಿನ ಗೊಂಬೆ ನೇತಾಡುತ್ತಿತ್ತು. ಯಾರೋ ಅದರ ಕೆನ್ನೆಗೆ ಕಾಡಿಗೆಯ ಬೊಟ್ಟು ಬೇರೆ ಇಟ್ಟಿದ್ದರು.

"ಇದನ್ನ ಯಾಕ ಇಲ್ಲಿ ಕಟ್ಟೀರಿ?" ವಿಶಾಖಾ ಗೊಂಬೆಗೆ ಬೆರಳು ಮಾಡಿ ಕೇಳಿದರು.

"ದೃಷ್ಟಿಗಿ ಭಾಳ ಚಲೋ ಅದರೀ ಅಮ್ಮಾರ" ಎಂದಳು ಬೂದೆಮ್ಮ, ಮನಸಾರೆ. "ಮುಂಜಾನೆದ್ದು ನೋಡಿದ್ರ ನನಗೇ ಎದಿ ಝಲ್ ಅಂತದ. ಬಾಜೂ ಮನಿ ಹುಸೇನಪ್ಪ ಟ್ರ್ಯಾಕ್ಟರಿಗಿ ಬೇಕು ಅಂತ ಬೆನ್ನು ಹತ್ಯಾನ. ಇನ್ನೊಂದು ಅದ ಏನ್ರೀ?"

ವಿಶಾಖಾ ಕಾರಿಗೆ ಹೋಗಿ ಕೂತರು. ಚನ್ನಕ್ಕ ಕಟ್ಟೆಯ ಮೇಲೆ ಕುಸಿದು, ಎಲೆಯಡಿಕೆ ಉಗುಳಲೂ ಆಗದೆ ನುಂಗಲೂ ಆಗದೆ ಹೊಟ್ಟೆ ಹಿಡಿದು ನಗುತ್ತಿದ್ದಳು.

ಒಳಗೆ ಕೂಸು ಮಲಗಿತ್ತು. ತಲೆಯ ಮೇಲೆ ಚನ್ನಕ್ಕನ ಹಳೆ ಸೀರೆಯ ಕುಲಾವಿ, ಹೊಲಿಗೆಯೆಲ್ಲ ಹೊರಗೆ. ಬೂದೆಮ್ಮ ಅದರ ಅಂಚು ಮುಟ್ಟಿ ಕೇಳಿದಳು: "ಇದನ್ನ ಹೊಲದಾಕಿ ನೀನೇ ಏನ್ ಯಕ್ಕಾ? ಆಸ್ಪತ್ರ್ಯಾಗ ನಮ್ಮ ಸೊಸಿ ಹೇಳಿದ್ಲು. ನಿನಗೊಂದು ಮಾತು ಕೇಳಬೇಕಿತ್ತು. ಈ ಕೂಸಿಗಿ ಸೋದರತ್ತಿ ಇಲ್ಲ. ಶ್ರಾವಣದಾಗ ತೊಟ್ಲಾ ಇಟ್ಕೊಂಡೀವಿ. ನೀ ಬಂದು ಕುಲಾವಿ ಹಾಕಿ ಹೆಸರಿಡ್ತೀಯೇನು?"

ಚನ್ನಕ್ಕನ ನಗು ನಿಂತಿತು. ಎದ್ದು ಹೋಗಿ ಎಲೆಯಡಿಕೆ ಉಗುಳಿ ಬಂದಳು.

"ನನಗ ಮಕ್ಕಳಿಲ್ಲವ್ವ" ಎಂದಳು ಕೊನೆಗೆ. "ಮೊದಲೇ ಹೇಳ್ತೀನಿ. ಆಮ್ಯಾಲ ಪಾಯಸ ತಿರುವಾಕ ಕಳಸಬ್ಯಾಡ."

ಪಾಯಸದ ಮಾತು ಬೂದೆಮ್ಮನಿಗೆ ಅರ್ಥವಾಗಲಿಲ್ಲ. "ನಾ ನಾಕು ಹಡದೀನಿ. ಮೂರು ಹೆಣ್ಣು ಹೋದ್ವು, ಇವೊಬ್ಬ ಉಳದ. ಕೈಗುಣ ನೋಡೋದಾದ್ರ ನಾನೇ ಕೂಸು ಮುಟ್ಟಬಾರದು ನೋಡು. ಬರ್ತೀಯೋ ಇಲ್ಲೋ, ಅದನ್ನ ಹೇಳು."

"ಗುದ್ದತೀರಿ?"

"ಬಿಡ್ತೀವೇನು! ನಮ್ಮೋಣ್ಯಾಗಿನವ್ರು ಹತ್ತಿ ಹೊರೋ ಹೆಣ್ಮಕ್ಕಳು ಯಕ್ಕಾ. ಬೆನ್ನಿಗಿ ಎಣ್ಣಿ ತಂದಿಟ್ಕೊ."

ಆ ಎರಡೂವರೆ ತಿಂಗಳು ಚನ್ನಕ್ಕನ ಜೊತೆ ಬದುಕುವುದು ಕಷ್ಟವಾಯಿತು. ಖಣ ಕೊಳ್ಳಲು ಮಾನ್ವಿಯ ಅಂಗಡಿಗಳನ್ನೆಲ್ಲ ಜಾಲಾಡಿದಳು. ಒಂದರ ಬಣ್ಣ ಸರಿಯಿಲ್ಲ, ಇನ್ನೊಂದರ ಅಂಚು ಒರಟು. ಹೊಲಿದಳು, ಬಿಚ್ಚಿದಳು. ಆರು ಸಲ ಬಿಚ್ಚಿದ್ದಕ್ಕೆ ನಾನೇ ಸಾಕ್ಷಿ. ಟ್ರಂಕಿನಲ್ಲಿದ್ದ ಆ ಹಳೆಯ ಕುಲಾವಿಯನ್ನೇ ಕೊಡಬಾರದೇಕೆ ಎಂದೆ.

"ಒಬ್ರು ಬ್ಯಾಡಂದಿದ್ದು ಅದು. ಅದನ್ನ ಇನ್ನೊಬ್ರ ತಲಿಗಿ ಹಾಕಲಾ? ನೀ ಓದಿದಾಕಿ, ಬುದ್ಧಿ ಮಾತ್ರ ಬರಲಿಲ್ಲ."

ಹೆಸರಿನ ವಿಷಯದಲ್ಲಿ ಫೋನಿನಲ್ಲೇ ಜಗಳ ಎಬ್ಬಿಸಿದಳು. ಜಗದೀಶ ಮೊಬೈಲಿನಲ್ಲಿ ಹುಡುಕಿ ಅಯಾನ್ ಎಂದು ಇಡುವುದಾಗಿ ಹೇಳಿದ್ದ. ಚನ್ನಕ್ಕನಿಗೆ ಕೂಸಿನ ತೀರಿಹೋದ ಅಜ್ಜನ ಹೆಸರು ಬೇಕು: ಹುಲಗಪ್ಪ.

"ಶಾಲ್ಯಾಗ ನಗ್ತಾರ್ರೀ ಅಕ್ಕಾರ" ಎಂದ ಜಗದೀಶ.

"ನಗಲಿ. ನಕ್ಕವ್ರನ್ನ ಹೊಡಿಯೋ ಹಂಗ ಬೆಳಸು."

ಕೊನೆಗೆ ಒಪ್ಪಂದವಾಯಿತು. ಬಲಗಿವಿಗೆ ಅಪ್ಪ ಆರಿಸಿದ ಹೆಸರು, ಎಡಗಿವಿಗೆ ಅತ್ತೆ ಆರಿಸಿದ ಹೆಸರು. ಅಂದರ ಎರಡು ಸಲ ಗುದ್ದು ಎಂದು ಜಗದೀಶ ಹೆದರಿಸಿದನಂತೆ. "ನನಗ ಮೂವತ್ತು ವರ್ಷದ ಬಾಕಿ ಅದ, ಗುದ್ದಲಿ" ಎಂದಳಂತೆ ಈಕೆ. ನನಗೆ ಹೇಳುವಾಗ ಮುಖ ಎಳೆ ಹುಡುಗಿಯದರಂತೆ ಆಗಿತ್ತು. ನಾನು ಅದಕ್ಕೂ ತಮಾಷೆ ಮಾಡಿದೆ.

ತೊಟ್ಟಿಲಿಗೆ ಒಂಬತ್ತು ದಿನ ಉಳಿದಿತ್ತು. ಬೆಳಿಗ್ಗೆ ಚನ್ನಕ್ಕ ನಾಲ್ಕು ಚಮಚ ಸಕ್ಕರೆಯ ಚಹಾ ಕುಡಿದು, ಲೋಟ ತೊಳೆದಿಟ್ಟು, ಗೋಡೆಗೊರಗಿ ಕೂತಲ್ಲೇ ಹೋಗಿಬಿಟ್ಟಳು. ನಾನು ಹೋದಾಗ ಕುಲಾವಿ ಮಡಿಲಲ್ಲೇ ಇತ್ತು. ಗದ್ದದ ಕೆಳಗೆ ಕಟ್ಟುವ ಎರಡು ದಾರಗಳಲ್ಲಿ ಒಂದನ್ನು ಹಚ್ಚಿ ಆಗಿತ್ತು. ಎರಡನೆಯದರ ಜಾಗದಲ್ಲಿ ಸೂಜಿ ಚುಚ್ಚಿಟ್ಟಿತ್ತು. ಅರವತ್ತಮೂರು ವರ್ಷ. ಇದರಲ್ಲಿ ತಮಾಷೆ ಹುಡುಕಿ ನೋಡಿದೆ, ಸಿಗಲಿಲ್ಲ.

ಮಣ್ಣು ಮಾಡಿ ಬಂದ ಮೇಲೆ ವಿಜಯಲಕ್ಷ್ಮಿ ಆಕೆಯ ಸಾಮಾನುಗಳನ್ನೆಲ್ಲ ಒಂದು ಚಾದರದಲ್ಲಿ ಕಟ್ಟಿಸಿದಳು. ಸೀರೆ, ಕತ್ತರಿ, ಕ್ರೋಶಾ ಕಡ್ಡಿ, ಟ್ರಂಕಿನ ತಳದ ಕುಲಾವಿ, ಮಡಿಲಿನ ಕುಲಾವಿ, ಎಲ್ಲ ಒಂದೇ ಗಂಟು. ಕಾಲುವೆಗೆ ಬಿಡಬೇಕಂತೆ.

"ಆ ಕುಲಾವಿ ನನಗ ಕೊಡ್ರಿ" ಎಂದೆ.

"ಬ್ಯಾಡ್ರೀ ಟೀಚರ್. ಸತ್ತಾಕಿ ಕೈಯಾಗ ಇದ್ದಿದ್ದು ಕೂಸಿಗಿ ಮುಟ್ಟಬಾರದು. ಅದೂ ಯಾರ ಮನಿ ಕೂಸೋ ಏನೋ. ನೀವು ಕೂಡ್ರಿ, ಚಹಾ ತರ್ತೀನಿ."

ಅವಳು ಚಹಾ ತರಲು ಹೋದಳು. ನಾನು ಗಂಟು ಬಿಚ್ಚಿ, ಎರಡೂ ಕುಲಾವಿಗಳನ್ನು ತೆಗೆದು ಸೆರಗಿನೊಳಗೆ ತುರುಕಿಕೊಂಡು, ಮೊದಲಿದ್ದಂತೆ ಕಟ್ಟಿದೆ. ನಿವೃತ್ತ ಶಿಕ್ಷಕಿ ಸೌಭಾಗ್ಯ ಸಾವಿನ ಮನೆಯಲ್ಲಿ ಕದ್ದಳು. ಬಂದ ಚಹಾವನ್ನೂ ಕುಡಿದಳು.

ಬೂದೆಮ್ಮನಿಗೆ ಫೋನು ಮಾಡಿದೆ. ಸುದ್ದಿ ಕೇಳಿ ಸೊಸೆಯನ್ನು ಕರೆದು ಅವಳಿಗೂ ಹೇಳಿದಳು. ಆಮೇಲೆ, "ಕುಲಾವಿ ಮುಗಿದಿತ್ತೇನ್ರೀ?" ಎಂದಳು.

"ಒಂದು ದಾರ ಹಚ್ಚೋದು ಉಳದದ. ಆದ್ರ ಬೂದೆಮ್ಮ, ಆಕಿ ಸತ್ತಾಳ. ಸತ್ತಾಕಿ ಹೊಲದಿದ್ದು ಕೂಸಿಗಿ..."

"ಸತ್ತ ಮ್ಯಾಲ ಹೊಲದಾಳೇನ್ರೀ? ಬದುಕಿದ್ದಾಗ ಹೊಲದಾಳ. ನೀವು ತಗೊಂಡು ಬರ್ರಿ. ಆಕಿ ಜಾಗಾದಾಗ ನಿಂದ್ರಾಕ ನೀವೇ ಬರ್ರಿ."

ಮಡಿಲು ಬಳಗದ ಸಭೆ ನಡೆದದ್ದು ಇದಾದ ಮೇಲೆ, ತೊಟ್ಟಿಲಿಗೆ ನಾಲ್ಕು ದಿನ ಮೊದಲು. ವೇದಿಕೆಯ ಮೇಲೆ ನನ್ನ ಬಾಯಿ ಏಕೆ ಕಟ್ಟಿತ್ತೆಂದರೆ, ಆ ನಾಲ್ಕು ದಿನದಲ್ಲಿ ಒಂದು ದಾರ ಹಚ್ಚುವುದು ಹೇಗೆ ಎಂಬ ಯೋಚನೆಯಲ್ಲಿದ್ದೆ. ಸೋದರತ್ತೆಯ ಜಾಗಕ್ಕೆ ಬೇಕಾದ ಅರ್ಹತೆಗಳೆಲ್ಲ ನನ್ನಲ್ಲಿದ್ದವು: ಗಂಡ, ಇಬ್ಬರು ಮಕ್ಕಳು, ಕುಂಕುಮ. ಚನ್ನಕ್ಕನಲ್ಲಿ ಇವೊಂದೂ ಇರಲಿಲ್ಲ, ಹೊಲಿಗೆ ಇತ್ತು. ಕೊನೆಗೆ, ಬೇಡವಾದ ಆ ಹಳೆಯ ಕುಲಾವಿಯಿಂದ ಒಂದು ದಾರ ಬಿಚ್ಚಿ ಹೊಸದಕ್ಕೆ ಹಚ್ಚಿದೆ. ಆಕೆ ಇದ್ದಿದ್ದರೆ ಕೈಗೆ ಸೂಜಿ ಚುಚ್ಚುತ್ತಿದ್ದಳು. ನಾನೇ ಏಳೆಂಟು ಸಲ ಚುಚ್ಚಿಕೊಂಡೆ. ಹೊಲಿಗೆ ಸೊಟ್ಟಗೆ, ಬಾತುಕೋಳಿ ನಡೆದಂತೆ ಬಂತು. ಗಂಟನ್ನು ಮಾತ್ರ ಹೊರಗೆ ಹಾಕಿದೆ.

ತೊಟ್ಟಿಲ ದಿನ, ಗುರುವಾರ ಮುಂಜಾನೆ, ಮಾನ್ವಿ ಬಸ್‌ಸ್ಟ್ಯಾಂಡಿನಲ್ಲಿ ದೇವದುರ್ಗದ ಬಸ್ಸಿಗೆ ಜಾತ್ರೆಯಂಥ ಜನ. ಕಿಟಕಿಯಿಂದ ಹಳೆಯ ಕುಲಾವಿಯನ್ನು ಎಸೆದೆ. ನಾನು ಹತ್ತಿ ಬರುವವರೆಗೂ ಆ ಸೀಟಿನ ಸುತ್ತ ಹೆಂಗಸರು ಒತ್ತೊತ್ತಾಗಿ ನಿಂತಿದ್ದರು. ಯಾರೂ ಕೂತಿರಲಿಲ್ಲ.

"ಕೂಸು ಎಲ್ಲದರೀ?" ಎಂದು ಒಬ್ಬಳು ಕೇಳಿದಳು.

"ಜಾಲಹಳ್ಳ್ಯಾಗ" ಎಂದೆ. ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಕುಲಾವಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ.

ಜಾಲಹಳ್ಳಿಯ ಆ ಮನೆಯಲ್ಲಿ ಮೂವತ್ತು ಹೆಂಗಸರಿದ್ದರು. ಬಾಗಿಲಲ್ಲಿ ಎಂಟು ಕಾಲಿನ ಗೊಂಬೆಗೆ ಈ ಸಲ ಮಲ್ಲಿಗೆ ಸರ ಬಿದ್ದಿತ್ತು. ಬೂದೆಮ್ಮ ಕುಲಾವಿಯನ್ನು ತಿರುಗಿಸಿ ನೋಡಿ, ನನ್ನ ಸೊಟ್ಟ ಹೊಲಿಗೆಯ ಮೇಲೆ ಬೆರಳಿಟ್ಟಳು. "ಇದು ಆಕಿದಲ್ಲ."

"ಅಲ್ಲ."

"ಗೊತ್ತಾಗ್ತದ ಬಿಡ್ರಿ" ಎಂದು ಅದನ್ನೇ ಕೂಸಿನ ತಲೆಗೆ ತೊಡಿಸಲು ಕೊಟ್ಟಳು. ತೊಡಿಸಿದೆ. ಕ್ರೋಶಾದ ಅಂಚು ಹಣೆಯ ಮೇಲೆ ಸರಿಯಾಗಿ ಕೂತಿತು. ಬಲಗಿವಿಯ ಹತ್ತಿರ ಬಾಗಿ, "ಕುರ್ರ್, ಅಯಾನ್" ಎಂದೆ. ಬೆನ್ನ ಮೇಲೆ ನಾಲ್ಕಾರು ಕೈಗಳು ಮೆಲ್ಲಗೆ ಬಿದ್ದವು. ಟೀಚರ್ ಎಂದು ಮರ್ಯಾದೆ.

"ಏ, ಏನ್ ಧೂಳು ಒರಸಾಕತ್ತೀರೇನು?" ಬೂದೆಮ್ಮ ಗದರಿದಳು.

"ಇರ್ರವ್ವಾ" ಎಂದೆ. "ಈಗಿಂದು ನನ್ನ ಪಾಲಿಂದು, ಇಷ್ಟೇ ಸಾಕು. ಇನ್ನೊಂದು ಕಿವಿ ಅದ. ಅದು ಚನ್ನಕ್ಕನ ಪಾಲಿಂದು. ಆಕಿಗಿ ಮೂವತ್ತು ವರ್ಷದ ಬಾಕಿ ಅದ."

ಯಾರೂ ನಗಲಿಲ್ಲ. ಸೆರಗು ಬಿಗಿದು ಹತ್ತಿರ ಬಂದರು. ನಾನು ಎಡಗಿವಿಗೆ ಬಾಗಿ, "ಕುರ್ರ್, ಹುಲಗಪ್ಪ" ಎಂದೆ.

ಹತ್ತಿ ಹೊರುವ ಕೈಗಳು ಎಂದು ಬೂದೆಮ್ಮ ಹೇಳಿದ್ದು ಸುಳ್ಳಲ್ಲ. ಮೊದಲ ಗುದ್ದಿಗೆ ಕನ್ನಡಕ ಹಾರಿತು. ಎರಡನೆಯದಕ್ಕೆ ಉಸಿರು. ಆಮೇಲೆ ಎಣಿಸಲಿಲ್ಲ. ಸಭೆಯಲ್ಲಿ ಬಾರದ ಅಳು ಅಲ್ಲಿ ಬಂತು. ಗುದ್ದಿಗೆ ಅಳುತ್ತಿದ್ದಾಳೆ ಎಂದುಕೊಂಡು ಎಲ್ಲರೂ ಜೋರಾಗಿ ನಕ್ಕರು. ಕೂಸು ಕಣ್ಣು ಬಿಟ್ಟು ನೋಡಿ, ಸೊಟ್ಟ ಹೊಲಿಗೆಯ ದಾರವನ್ನು ಹಿಡಿದು ಎಳೆಯಿತು. ದಾರ ಕಿತ್ತು ಬರಲಿಲ್ಲ.

ಇದಾಗಿ ಮೂರು ವಾರವಾಯಿತು. ಎಡ ಹೆಗಲ ಕೆಳಗೆ ಇನ್ನೂ ನೋಯುತ್ತದೆ. ಎಣ್ಣೆ ಕಾಯಿಸಿ ಹಚ್ಚುತ್ತೇನೆ ಎಂದು ಮಗಳು ದಿನಾ ಹೇಳುತ್ತಾಳೆ. ಬೇಡವೆಂದಿದ್ದೇನೆ. ಆ ನೋವು ನನ್ನದಲ್ಲ, ಚನ್ನಕ್ಕನದು.